ಹಗ್ಗದ ಮೇಲೆ ನಾಲ್ಕು ಫಾರಂ

ಲೈಬ್ರರಿಯ ಹಿಂಭಾಗದಲ್ಲಿ, ಹಳೆಯ ದಿನಪತ್ರಿಕೆಗಳ ಕೋಣೆಗೂ ಕೈತೊಳೆಯುವ ನಲ್ಲಿಗೂ ನಡುವೆ, ಒಂಬತ್ತು ಅಡಿಗೆ ಹನ್ನೊಂದು ಅಡಿಯ ಒಂದು ಕೋಣೆಯಿದೆ. ಗೋಂದಣ್ಣ ಅಲ್ಲಿ ಕೂತು ಮೂವತ್ತೊಂದು ವರ್ಷ ಪುಸ್ತಕ ರಿಪೇರಿ ಮಾಡಿದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಬಲಗೈಯ ಎರಡು ಬೆರಳುಗಳ ಉಗುರಿನಂಚಿನಲ್ಲಿ ಯಾವಾಗಲೂ ಒಣಗಿದ ಅಂಟಿನ ಬಿಳಿ ಗೆರೆ ಇರುತ್ತಿದ್ದುದರಿಂದ, ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಯಾರೋ ಹಾಗೆ ಕರೆದಿದ್ದರು. ಅವರು ಬೇಡವೆನ್ನಲಿಲ್ಲ, ಹೌದೆನ್ನಲೂ ಇಲ್ಲ.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ದೊಡ್ಡ ಹಾಳೆಯೊಂದನ್ನು ಮಡಿಸಿದರೆ ಹದಿನಾರು ಪುಟಗಳ ಒಂದು ಕಟ್ಟಾಗುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಪೇರಿಸಿ ಬೆನ್ನಿನಲ್ಲಿ ಹೊಲಿದರೆ ಪುಸ್ತಕ. ಹರಿದ ಪುಸ್ತಕ ಬಂದರೆ ಗೋಂದಣ್ಣ ಮೊದಲು ಹೊಲಿಗೆ ಬಿಚ್ಚಿ, ಪ್ರತಿ ಫಾರಂನ ಮಡಿಕೆಯ ಮೇಲೆ ಪೆನ್ಸಿಲ್ಲಿನಲ್ಲಿ ಅದರ ಸಂಖ್ಯೆ ಬರೆಯುತ್ತಿದ್ದರು. ಮಡಿಕೆ ಹರಿದಿದ್ದರೆ ತೆಳು ಕಾಗದದ ಪಟ್ಟಿ ಅಂಟಿಸಿ, ಕೋಣೆಯ ಉದ್ದಕ್ಕೂ ಕಟ್ಟಿದ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಡುತ್ತಿದ್ದರು. ತೂಗುಹಾಕುವುದು ಬಾಗಿಲ ಕಡೆಯಿಂದ ಕಿಟಕಿಯ ಕಡೆಗೆ, ಇಳಿಸುವುದೂ ಬಾಗಿಲ ಕಡೆಯಿಂದಲೇ. ಈ ಕ್ರಮ ತಪ್ಪಿದ್ದಿಲ್ಲ ಎಂಬುದು ಅವರ ನಂಬಿಕೆ. ನಿವೃತ್ತಿಗೆ ಹತ್ತು ದಿನ ಉಳಿದಿದ್ದಾಗ ಅವರಿಗೆ ಉಳಿದಿದ್ದ ಆಸ್ತಿಯೂ ಹೆಚ್ಚುಕಡಿಮೆ ಅದೇ. ಕಣ್ಣು ಮಂಜು, ಮಂಡಿ ನೋವು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಪ್ರಯತ್ನಿಸಬೇಕಾಗುತ್ತಿತ್ತು. ಐದನೆಯ ಸಲಕ್ಕೆ ಹೋದ ದಿನ ಸೂಜಿ ಕೆಳಗಿಟ್ಟು ಹತ್ತು ನಿಮಿಷ ಗೋಡೆ ನೋಡುತ್ತಾ ಕೂರುತ್ತಿದ್ದರು.

ತಾವು ಬೈಂಡ್ ಮಾಡಿದ ಪುಸ್ತಕಗಳಲ್ಲಿ ಒಂದನ್ನೂ ಅವರು ಓದಿರಲಿಲ್ಲ. ದಿನವಿಡೀ ಅಕ್ಷರಗಳ ಜೊತೆಗಿದ್ದವರಿಗೆ ಸಂಜೆ ಮತ್ತೆ ಅಕ್ಷರ ಬೇಕೆನಿಸುತ್ತಿರಲಿಲ್ಲ. ಓದುತ್ತಿದ್ದುದು ಒಂದೇ, ಅಭಿಪ್ರಾಯದ ಹಾಳೆ. ಆ ಲೈಬ್ರರಿಯಲ್ಲಿ ಪ್ರತಿ ಪುಸ್ತಕದ ಕೊನೆಗೂ ಗೆರೆ ಎಳೆದ ಒಂದು ಹಾಳೆ ಅಂಟಿಸಿರುತ್ತಿದ್ದರು. ಓದಿದವರು ತಾರೀಖು ಹಾಕಿ ಒಂದೆರಡು ಸಾಲು ಬರೆಯಬಹುದು, ಹೆಸರು ಹಾಕುವಂತಿಲ್ಲ. ರಿಪೇರಿಯಾದ ಪುಸ್ತಕಕ್ಕೆ ಆ ಹಾಳೆಯನ್ನು ಹಾಗೆಯೇ ಮತ್ತೆ ಅಂಟಿಸುವುದೂ ಗೋಂದಣ್ಣನ ಕೆಲಸ. ಅಂಟು ಒಣಗುವವರೆಗೆ ಓದುತ್ತಿದ್ದರು.

"ಅಡುಗೆ ಮನೇಲಿ ಜೀವಮಾನ ಕಳೆದು ಬರೀ ತೇಗಿನ ಸದ್ದು ಕೇಳಿ ರುಚಿ ಹೇಳೋರು ನೀವು" ಎಂದು ಹೆಂಡತಿ ಛೇಡಿಸುತ್ತಿದ್ದರು.

'ಕೋಟೆಗೆ ಕೊನೆಯ ಬಸ್ಸು' ಎಂಬ ಕಾದಂಬರಿಯ ಬಗ್ಗೆ ಗೋಂದಣ್ಣನಿಗೆ ಗೊತ್ತಿದ್ದುದೆಲ್ಲ ಹೀಗೆ ಅಭಿಪ್ರಾಯದ ಹಾಳೆಯಿಂದ ಬಂದದ್ದು. ಅದನ್ನು ಬರೆದವರು ಡಿಪೋ ಮೇಡಂ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ವೇಳಾಪಟ್ಟಿ ತಯಾರಿಸಿ ನಿವೃತ್ತರಾದವರು. ಕತೆ ಇಷ್ಟು: ಕಂಡಕ್ಟರ್ ಒಬ್ಬ ಖಾಲಿ ಬಸ್ಸಿನಲ್ಲಿ ನಿದ್ದೆ ಹೋಗುತ್ತಾನೆ, ಬಸ್ಸು ಸುರಂಗದೊಳಗೆ ಹೋಗಿ ಎಂಟುನೂರು ವರ್ಷ ಹಿಂದೆ, ಒಂದು ಕೋಟೆಯ ಮುಂದೆ ಹೊರಬರುತ್ತದೆ. ಅವನು ಸೆರೆಯಾಗುತ್ತಾನೆ, ಅಲ್ಲಿಯ ರಾಜಕುಮಾರನ ಗೆಳೆಯನಾಗುತ್ತಾನೆ, ವಿಸಿಲ್ ಊದಿ ಬಿಲ್ಲುಗಾರರನ್ನು ನಡೆಸುತ್ತಾನೆ, ಕೊನೆಗೆ ತಪ್ಪಿಸಿಕೊಂಡು ಬರುತ್ತಾನೆ. ಅಧ್ಯಾಯಗಳಿಗೆ ಸಂಖ್ಯೆಯಿಲ್ಲ. ೬.೪೫, ೧೧.೨೦ ಎಂದು ಗಂಟೆ ನಿಮಿಷ ಮಾತ್ರ. ಲೈಬ್ರರಿಗೆ ಮೇಡಂ ತಾವೇ ಎರಡು ಪ್ರತಿ ಕೊಟ್ಟಿದ್ದರು.

ಓದಿದವರ ಅಭಿಪ್ರಾಯ ಒಂದೇ ತೆರನಾಗಿರಲಿಲ್ಲ. "ವಿಸಿಲ್ಲಿಗೆ ಸೈನ್ಯವೇ ನಿಲ್ಲುತ್ತದೆ. ನಮ್ಮ ರೂಟಿನ ಕಂಡಕ್ಟರಿಗೆ ಈ ಪುಸ್ತಕ ಕೊಡಿ, ಅವನು ಊದಿದರೆ ಬಸ್ಸೂ ನಿಲ್ಲುವುದಿಲ್ಲ" ಎಂದು ಒಬ್ಬರು. "ಕುದುರೆ ಜಾಸ್ತಿ" ಎಂದು ಇನ್ನೊಬ್ಬರು, ಅಷ್ಟೇ. "ಕತ್ತಿಯುದ್ಧಕ್ಕೆ ಹದಿನಾಲ್ಕು ಪುಟ, ಪ್ರೀತಿಗೆ ಒಂದೂವರೆ" ಎಂದು ಮತ್ತೊಬ್ಬರು. ಆದರೆ ಈಚೆಗೆ ಹೆಚ್ಚಿನ ಜಗಳ ಬೇರೊಂದು ವಿಷಯಕ್ಕೆ. "ಸತ್ತ ರಾಜನಿಗೆ ಆಮೇಲೆ ಪಟ್ಟಾಭಿಷೇಕ! ಬರೆದವರ ತಲೆ ನೆಟ್ಟಗಿದೆಯೇ?" ಎಂದು ಒಂದು ಸಾಲು. ಅದರ ಕೆಳಗೆ, "ಕಾಲ ಹರಿದುಹೋಗುವುದನ್ನು ತೋರಿಸಲು ವಾಕ್ಯವನ್ನೇ ಅರ್ಧಕ್ಕೆ ಹರಿದಿದ್ದಾರೆ, ಭೇಷ್." ಅದರ ಕೆಳಗೆ, "ಭೇಷ್ ಅಂದವರು ನನಗೂ ಅರ್ಥ ಮಾಡಿಸಿ." ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ, "ಕಾಲದ ಕತೆ ಬರೆಯುವವರಿಗೆ ಮೊದಲು ಗಡಿಯಾರ ನೋಡಲು ಬರಬೇಕು."

ಪ್ರತಿ ತಿಂಗಳ ಮೊದಲ ಸೋಮವಾರ ಡಿಪೋ ಮೇಡಂ ಬಂದು ಎರಡೂ ಪ್ರತಿಗಳ ಕೊನೆಯ ಹಾಳೆ ತೆಗೆದು ಹೊಸ ಅಭಿಪ್ರಾಯಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಳಗಿನ ಪುಟ ತೆರೆಯುತ್ತಿರಲಿಲ್ಲ. ಅಚ್ಚಾದ ಮೇಲೆ ಒಳಗೆ ನೋಡಿದರೆ ತಪ್ಪುಗಳೇ ಎದ್ದು ಕಾಣುತ್ತವೆ ಎಂಬುದು ಅವರ ಭಯ. ಆ ಸೋಮವಾರವೂ ಬರೆದುಕೊಂಡು, ಹಿಂದಿನ ಕೋಣೆಗೆ ಬಂದು, ಸ್ಟೂಲಿನ ಮೇಲೆ ಕೂತರು. ಕೈಯಲ್ಲೊಂದು ಬಟ್ಟೆಯ ಚೀಲ.

"ಗಡಿಯಾರದ್ದು ಓದಿದ್ರಾ, ಗೋಂದಣ್ಣ?"

"ಓದಿದೆ ಮೇಡಂ. ಹತ್ತು ಜನ ಹತ್ತು ಮಾತು. ತಲೆಗೆ ಹಚ್ಕೋಬೇಡಿ."

"ಮೂವತ್ತು ವರ್ಷ ಬಸ್ಸಿಗೆ ಟೈಂ ಹಾಕಿದೀನಿ. ನೂರ ನಲವತ್ತು ಬಸ್ಸು. ಒಂದರ ಬಾಲ ಒಂದಕ್ಕೆ ತಾಗಿಲ್ಲ. ನನಗೆ ಗಡಿಯಾರ ನೋಡಕ್ಕೆ ಬರಲ್ವಂತೆ." ಅವರು ನಗಲು ನೋಡಿದರು, ಆಗಲಿಲ್ಲ. ಚೀಲದಿಂದ ಕೈಬರಹದ ದೊಡ್ಡ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಎರಡನೇ ಪುಸ್ತಕ. ಮುನ್ನೂರ ಹನ್ನೆರಡು ಹಾಳೆ. ಅಚ್ಚಿಗೆ ಕೊಟ್ಟಿದ್ದೆ, ಇವತ್ತು ವಾಪಸ್ ತಂದೆ. ಕಪ್ಪು ಬಟ್ಟೆ ಹಾಕಿ ಒಂದು ಬೈಂಡ್ ಮಾಡ್ಕೊಡಿ. ಬೆನ್ನ ಮೇಲೆ ಹೆಸರು ಬೇಡ."

"ಹೆಸರಿಲ್ದೆ ಕಪಾಟಿನಲ್ಲಿ ಹೆಂಗೆ ಹುಡುಕ್ತೀರಿ?"

"ಹುಡುಕಲ್ಲ. ಅದಕ್ಕೇ ಬೈಂಡ್ ಮಾಡಿಸ್ತಿರೋದು. ಬಿಡಿ ಹಾಳೆ ಇದ್ರೆ ತಿದ್ದಕ್ಕೆ ಕೈ ತುರಿಸತ್ತೆ. ಹೊಲಿದುಬಿಟ್ರೆ ಮುಗೀತು. ನೀವು ರಿಟೈರ್ ಆಗೋದ್ರೊಳಗೆ ಆಗತ್ತಾ?"

"ಆಗತ್ತೆ" ಎಂದರು ಗೋಂದಣ್ಣ. ಮೇಡಂ ಹೋದ ಮೇಲೆ ಕಪ್ಪು ಬಟ್ಟೆ ಅಳೆದು ಕತ್ತರಿಸಿಟ್ಟರು.

ಅಳತೆ ಹಾಕುವಾಗಲೇ ಒಂದು ಸಣ್ಣ ಅನುಮಾನ ಹುಟ್ಟಿತು. ಗಡಿಯಾರದ ಸಾಲು, ಸತ್ತ ರಾಜನ ಸಾಲು, ಭೇಷ್ ಎಂದ ಸಾಲು, ಮೂರನ್ನೂ ಅವರು ಒಂದೇ ಹಾಳೆಯಲ್ಲಿ ಕಂಡಿದ್ದರು. ಆ ಹಾಳೆಯ ಬಲಮೂಲೆಯಲ್ಲಿ ನೀರಿನ ಕಲೆಯಿತ್ತು. ಇನ್ನೊಂದು ಪ್ರತಿಯ ಹಾಳೆಗೆ ಕಲೆಯಿರಲಿಲ್ಲ. ಮೇಡಂ ಬರೆದುಕೊಳ್ಳುವಾಗ ಯಾವ ಸಾಲು ಯಾವ ಪ್ರತಿಯದು ಎಂದು ಗುರುತು ಹಾಕುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತರು. ಮೊದಲನೆಯ ಪ್ರತಿಯಲ್ಲಿ ಇಪ್ಪತ್ತೊಂದು ಅಭಿಪ್ರಾಯ. ಕುದುರೆ ಜಾಸ್ತಿ, ಪ್ರೀತಿ ಕಡಿಮೆ, ಕಂಡಕ್ಟರ್ ಚೆನ್ನಾಗಿದ್ದಾನೆ. ಕಾಲ ಗೊಂದಲವಾಗಿದೆ ಎಂದವರು ಒಬ್ಬರೂ ಇಲ್ಲ. ಎರಡನೆಯದರಲ್ಲಿ ಹತ್ತೊಂಬತ್ತು. ಮೊದಲ ಆರರಲ್ಲಿ ಕಾಲದ ಮಾತಿಲ್ಲ. ಏಳನೆಯದರಿಂದ ಶುರು. ಆ ಹದಿಮೂರರಲ್ಲಿ ಏಳು ಜನ ಕಾಲ ಕಲಸಿದ್ದಕ್ಕೆ ಬೈದಿದ್ದರು, ನಾಲ್ಕು ಜನ ಅದಕ್ಕೇ ಹೊಗಳಿದ್ದರು, ಇಬ್ಬರು ಕುದುರೆಗೇ ಅಂಟಿಕೊಂಡಿದ್ದರು. ಗೋಂದಣ್ಣ ಕೆಲಸದ ರಿಜಿಸ್ಟರ್ ತೆಗೆದರು. ಎರಡನೆಯ ಪ್ರತಿ, ನೀರು ಬಿದ್ದು ನೆನೆದದ್ದು, ರಿಪೇರಿ ಮುಗಿದ ತಾರೀಖು ಎರಡು ವರ್ಷ ಎರಡು ತಿಂಗಳ ಹಿಂದಿನದು. ಆರನೆಯ ಅಭಿಪ್ರಾಯ ಅದಕ್ಕೆ ಮುಂಚಿನದು, ಏಳನೆಯದು ಅದರ ನಂತರದ್ದು.

ಆಗ ಅವರು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ತಾವು ಬೈಂಡ್ ಮಾಡಿದ ಪುಸ್ತಕವೊಂದನ್ನು ಓದಲು ತೆಗೆದರು. ಎರಡೂ ಪ್ರತಿಗಳನ್ನು ಪುಟಕ್ಕೆ ಪುಟ ಹೋಲಿಸುತ್ತಾ ಹೋದರು. ನಾಲ್ಕು ಫಾರಂವರೆಗೆ ಎರಡೂ ಒಂದೇ. ಕಂಡಕ್ಟರ್ ಸೆರೆಮನೆಯಲ್ಲಿದ್ದಾನೆ, ಬಾಗಿಲ ಸಪ್ಪಳವಾಗುತ್ತದೆ, "ಒಳಗೆ ಬಂದವನು" ಎಂಬಲ್ಲಿಗೆ ಪುಟ ಮುಗಿಯುತ್ತದೆ. ಮೊದಲನೆಯ ಪ್ರತಿಯಲ್ಲಿ ಒಳಗೆ ಬಂದವನು ರಾಜಕುಮಾರ, ಅವನು ಕೇಳುತ್ತಾನೆ, "ನೀನು ಯಾರು?" ಎರಡನೆಯ ಪ್ರತಿಯಲ್ಲಿ ಪುಟ ತಿರುಗಿಸಿದರೆ ಕೋಟೆಯ ಬಾಗಿಲು ಮುರಿದಿದೆ, ಅದೇ ರಾಜಕುಮಾರ, ಈಗ ರಾಜ, ಕಂಡಕ್ಟರನ ತೊಡೆಯ ಮೇಲೆ ಸಾಯುತ್ತಿದ್ದಾನೆ. ಅದಾದ ಮೇಲೆ ಮುತ್ತಿಗೆ, ಅದಾದ ಮೇಲೆ ಪಟ್ಟಾಭಿಷೇಕ, ಎಲ್ಲಕ್ಕಿಂತ ಆಮೇಲೆ "ನೀನು ಯಾರು?" ಐದು, ಆರು, ಏಳು, ಎಂಟು ಇರಬೇಕಾದಲ್ಲಿ ಎಂಟು, ಏಳು, ಆರು, ಐದು. ಅರವತ್ತನಾಲ್ಕು ಪುಟ.

ಪುಟಸಂಖ್ಯೆ ಇದ್ದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಆದರೆ ನೀರು ಬಿದ್ದಾಗ ಆ ಪ್ರತಿಗೆ ಅದು ಎರಡನೆಯ ಬೈಂಡು. ಮೊದಲನೆಯ ಸಲ ಅಂಚು ಸಮ ಮಾಡುವಾಗಲೇ ಪುಟದ ಕೆಳತುದಿಯ ಸಂಖ್ಯೆಗಳು ಕತ್ತರಿಸಿ ಹೋಗಿದ್ದವು, ಅಚ್ಚಿನವರು ಕೆಳಗೆ ಬಿಟ್ಟಿದ್ದ ಜಾಗವೇ ಅಷ್ಟು. ಮಡಿಕೆ ಹರಿದು ಹಗ್ಗಕ್ಕೆ ಹೋಗಿದ್ದು ಆ ನಾಲ್ಕು ಫಾರಂ ಮಾತ್ರ, ಅವುಗಳ ಪೆನ್ಸಿಲ್ ಗುರುತಿನ ಮೇಲೆ ತೆಳು ಕಾಗದದ ಪಟ್ಟಿ ಕೂತಿತ್ತು. ಉಳಿದಿದ್ದ ಆಧಾರ ಹಗ್ಗವೊಂದೇ. ಗೋಂದಣ್ಣ ತಲೆಯೆತ್ತಿ ಹಗ್ಗ ನೋಡಿದರು. ರಿಪೇರಿಯ ಆ ವಾರ ಬಾಗಿಲಿಗೆ ಬಣ್ಣ ಬಳಿದಿದ್ದರು, ಬಣ್ಣದ ಏಣಿ ಬಾಗಿಲ ಬಳಿಯೇ ನಿಂತಿತ್ತು. ಆದ್ದರಿಂದ ತೂಗುಹಾಕಿದ್ದು ಕಿಟಕಿಯ ಕಡೆಯಿಂದ. ಮೂರನೆಯ ದಿನ ಏಣಿ ಹೋಗಿತ್ತು. ಇಳಿಸಿದ್ದು ಎಂದಿನಂತೆ ಬಾಗಿಲ ಕಡೆಯಿಂದ. ಕೈ ತನ್ನ ಕ್ರಮ ತಪ್ಪಿಸಿರಲಿಲ್ಲ. ತಪ್ಪಾಗಿದ್ದೇ ಅದರಿಂದ.

ಊಟದ ಡಬ್ಬಿ ಹಾಗೆಯೇ ಮನೆಗೆ ಬಂತು. ಹೆಂಡತಿ ಶಾಲೆಯ ಯೂನಿಫಾರಂ ಹೊಲಿಯುವವರು. ಮೆಷಿನ್ ನಿಲ್ಲಿಸದೆಯೇ ಡಬ್ಬಿಯ ಭಾರ ಕಣ್ಣಲ್ಲೇ ಅಳೆದರು.

"ಏನ್ರೀ, ಉಪವಾಸ ಯಾವ ಪಾಪಕ್ಕೆ?"

ಗೋಂದಣ್ಣ ಹೇಳಿದರು. ಹೆಂಡತಿ ಮೆಷಿನ್ ನಿಲ್ಲಿಸಿದರು.

"ನಾನು ಎಡದ ತೋಳು ಬಲಕ್ಕೆ ಹೊಲಿದ್ರೆ ಮಗು ಹಾಕ್ಕೊಂಡ ಕೂಡ್ಲೇ ಅಳತ್ತೆ. ನಿಮ್ಮ ಪುಸ್ತಕಕ್ಕೆ ಅಳಕ್ಕೆ ಎರಡು ವರ್ಷ ಬೇಕಾಯ್ತಾ?"

"ಅತ್ತಿತ್ತು ಕಣೇ. ಹನ್ನೊಂದು ಸಲ ಅತ್ತಿತ್ತು. ನಾನು ಓದಿ ನಗ್ತಿದ್ದೆ."

"ಈಗೇನ್ ಮಾಡ್ತೀರಿ?"

"ಬಿಚ್ಚಿ ಸರಿಯಾಗಿ ಹೊಲಿದು ಇಟ್ಬಿಟ್ರೆ ಒಂದು ದಿನದ ಕೆಲಸ. ಯಾರಿಗೂ ಗೊತ್ತಾಗಲ್ಲ. ಬೀಳ್ಕೊಡುಗೆ ದಿನ ಲೈಬ್ರೇರಿಯನ್ ಭಾಷಣ ಬರ್ಕೊಂಡಿದಾರೆ. ಮೂವತ್ತೊಂದು ವರ್ಷದಲ್ಲಿ ಒಂದು ಪುಟ ಆಚೆ ಈಚೆ ಆಗಿಲ್ಲ ಅಂತ."

"ಪುಸ್ತಕ ಸರಿಹೋಗತ್ತೆ" ಎಂದರು ಹೆಂಡತಿ. "ಆಯಮ್ಮ?"

ಹೆಂಡತಿ ತಣ್ಣಗಾದ ಡಬ್ಬಿಯ ಅನ್ನವನ್ನೇ ಬಿಸಿ ಮಾಡಿ ತಟ್ಟೆಗೆ ಹಾಕಿದರು. ಅದನ್ನು ಗೋಂದಣ್ಣ ಪೂರ್ತಿ ತಿಂದರು. ಹಸಿವಾಗಿತ್ತು.

ಬುಧವಾರ ಬೆಳಿಗ್ಗೆ ಎರಡನೆಯ ಪ್ರತಿಯ ರಟ್ಟು ಬಿಡಿಸಿ, ಮೊದಲ ಹೊಲಿಗೆಯ ಕೆಳಗೆ ಚೂರಿಯ ತುದಿ ಇಟ್ಟರು. ಒಂದು ಎಳೆ ಕತ್ತರಿಸಿದರೆ ಉಳಿದದ್ದು ತಾನಾಗಿ ಬಿಚ್ಚುತ್ತದೆ. ಚೂರಿ ಅಲ್ಲೇ ಇತ್ತು. ಎದುರಿಗೆ ಮೇಡಂ ಕೊಟ್ಟ ಕಟ್ಟು, ಅದರ ಮೇಲೆ ಮಡಿಸಿದ ಕಪ್ಪು ಬಟ್ಟೆ. ಈ ಪುಸ್ತಕ ಬಿಚ್ಚಿ ಸರಿಮಾಡುವುದು, ಆ ಪುಸ್ತಕವನ್ನು ಇನ್ನೆಂದೂ ಬಿಚ್ಚದಂತೆ ಹೊಲಿಯುವುದು, ಎರಡನ್ನೂ ಇದೇ ಕೈ ಮಾಡಬೇಕು. ಅವರು ಚೂರಿ ಮಡಚಿ ಕೌಂಟರಿಗೆ ಹೋಗಿ ಮೇಡಂಗೆ ಫೋನ್ ಮಾಡಿದರು.

ಪಕ್ಕದಲ್ಲೇ ಕೂತಿದ್ದ ಲೈಬ್ರೇರಿಯನ್ ಅರ್ಧ ಮಾತು ಕೇಳಿಸಿಕೊಂಡಿದ್ದರು. ಉಳಿದರ್ಧವನ್ನು ಗೋಂದಣ್ಣ ಹೇಳಿದರು.

"ಅಯ್ಯೋ ಗೋಂದಣ್ಣ, ಇನ್ನೆಂಟು ದಿನ ಬಾಯಿ ಮುಚ್ಕೊಂಡು ಇರಕ್ಕೆ ಆಗ್ಲಿಲ್ವಾ?" ಎಂದರು ಲೈಬ್ರೇರಿಯನ್. ನಲವತ್ತು ದಾಟದ ಮನುಷ್ಯ, ಒಳ್ಳೆಯವರೇ. "ಭಾಷಣದಲ್ಲಿ ಆ ಒಂದು ಸಾಲೇ ಚೆನ್ನಾಗಿ ಬಂದಿತ್ತು."

"ಹೊಡೆದು ಹಾಕಿ ಸರ್."

"ಅದು ಹೋದ್ರೆ ಉಳಿಯೋದು ಟೈಂಗೆ ಸರಿಯಾಗಿ ಬರ್ತಿದ್ರು ಅನ್ನೋದಷ್ಟೇ."

"ಅದು ನಿಜ. ಅದನ್ನೇ ಹೇಳಿ."

ಹನ್ನೊಂದೂವರೆಗೆ ಡಿಪೋ ಮೇಡಂ ಬಂದರು. ಗೋಂದಣ್ಣ ಸ್ಟೂಲು ಒರೆಸಿ ಕೊಟ್ಟರು. ತಾವು ನಿಂತೇ ಇದ್ದರು. ಹಗ್ಗ ತೋರಿಸಿದರು, ಏಣಿ ಎಲ್ಲಿತ್ತೆಂದು ತೋರಿಸಿದರು, ರಿಜಿಸ್ಟರಿನ ತಾರೀಖು, ಏಳನೆಯ ಅಭಿಪ್ರಾಯದ ತಾರೀಖು, ಎರಡರ ಮೇಲೂ ಬೆರಳಿಟ್ಟರು.

"ತಪ್ಪು ನಿಮ್ಮದಲ್ಲ ಮೇಡಂ. ನನ್ನದು. ಪೂರ್ತಿ ನನ್ನದು."

ಮೇಡಂ ಕನ್ನಡಕ ಹಾಕಿಕೊಂಡು ಎರಡನೆಯ ಪ್ರತಿಯ ನಡುವೆ ತೆರೆದು ಓದಲು ಶುರುಮಾಡಿದರು. ಗೋಂದಣ್ಣ ಬೇರೆ ಪುಸ್ತಕವೊಂದರ ಮೂಲೆಗೆ ಕಾಗದ ಅಂಟಿಸುತ್ತಾ ಇದ್ದರು. ಒಂದು ಗಂಟೆಯ ಮೇಲೆ ಹತ್ತು ನಿಮಿಷವಾಯಿತು. ಮೇಡಂ ಪುಸ್ತಕ ಮುಚ್ಚಿದರು.

"ಒಟ್ಟಿನಲ್ಲಿ ನನಗೆ ಗಡಿಯಾರ ನೋಡಕ್ಕೆ ಬರತ್ತೆ."

"ಬರತ್ತೆ ಮೇಡಂ."

"ಎರಡು ವರ್ಷ, ಗೋಂದಣ್ಣ!" ದನಿ ಏರಿತು. ಕೌಂಟರಿನಲ್ಲಿ ಯಾರೋ ಕೆಮ್ಮಿದರು. "ಬೈಸ್ಕೊಂಡಿದ್ದಕ್ಕಲ್ಲ ನನಗೆ ಸಿಟ್ಟು. ಈ ಕಟ್ಟು ಇದೆಯಲ್ಲ, ಇದನ್ನ ಮೂರು ಸಲ ತಿದ್ದಿದೀನಿ. ಕಾಲ ಗೊಂದಲ ಆಗಬಾರದು ಅಂತ ಪ್ರತಿ ಅಧ್ಯಾಯಕ್ಕೂ ವರ್ಷ, ತಿಂಗಳು, ವಾರ, ಗಂಟೆ. ಯಾರು ಎಲ್ಲಿಂದ ಹೊರಟ್ರು, ಎಲ್ಲಿಗೆ ತಲುಪಿದ್ರು, ಎಲ್ಲ. ಮೊನ್ನೆ ಓದಿದ್ರೆ ಟೈಂಟೇಬಲ್ ಓದಿದ ಹಾಗಿದೆ. ಅದಕ್ಕೇ ಅಚ್ಚಿಂದ ವಾಪಸ್ ತಂದೆ. ನನ್ನ ಕೈಯಲ್ಲಿ ಆಗಲ್ಲ ಅನ್ಕೊಂಡೆ."

ಗೋಂದಣ್ಣನಿಗೆ ಇದು ಗೊತ್ತಿರಲಿಲ್ಲ. ಒಂದು ಪುಸ್ತಕ ಕೆಡಿಸಿದ್ದೇನೆ ಎಂದುಕೊಂಡಿದ್ದರು. ಅವರು ಮೆಲ್ಲನೆ ಎದುರಿನ ಪೆಟ್ಟಿಗೆಯ ಮೇಲೆ ಕೂತರು.

"ನನ್ನ ತಪ್ಪಿಗೆ ಏನು ಹೇಳಿದ್ರೂ ಕಮ್ಮೀನೇ ಮೇಡಂ."

"ಏನೂ ಹೇಳ್ಬೇಡಿ, ಸ್ವಲ್ಪ ಹೊತ್ತು." ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಅಭಿಪ್ರಾಯದ ಹಾಳೆಯಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಸಣ್ಣ, ಒತ್ತೊತ್ತಾದ ಅಕ್ಷರ. "ಅವನು ಸಾಯುವುದನ್ನು ಮೊದಲೇ ನೋಡಿದ್ದರಿಂದ, ಆಮೇಲೆ ಅವನು ನಗುತ್ತಾ ನೀನು ಯಾರು ಎಂದು ಕೇಳುವಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ."

"ಇದು ನಾನು ಬರೆದಿದ್ದಲ್ಲ" ಎಂದರು ಮೇಡಂ. "ನೀವೂ ಬರೆದಿದ್ದಲ್ಲ. ಏಣಿ ಬರೆದಿದ್ದು. ಈಗ ಓದಿದಾಗ ನಾನೂ ಅಲ್ಲಿ ನಿಂತೆ. ಏನು ಮಾಡೋಣ ಹೇಳಿ."

"ಹಾಗೇ ಇಡೋಣ ಅಂತೀರಾ?"

"ಛೆ, ಬೇಡ. ನನ್ನ ಪುಸ್ತಕ ನನ್ನ ಹಾಗೇ ಇರಲಿ. ಬಿಚ್ಚಿ."

ಗೋಂದಣ್ಣ ಬಿಚ್ಚಿದರು. ಹಳೆಯ ದಾರ ಸಲೀಸಾಗಿ ಬಂತು, ತಾವೇ ಹಾಕಿದ ಗಂಟುಗಳು. ಮಡಿಕೆಯ ಮೇಲಿನ ಪಟ್ಟಿಯನ್ನು ಒದ್ದೆ ಹತ್ತಿಯಿಂದ ತೇವ ಮಾಡಿ ಎತ್ತಿದಾಗ ಕೆಳಗೆ ಪೆನ್ಸಿಲ್ಲಿನ ಎಂಟು ಮಸುಕಾಗಿ ಕಂಡಿತು. ನಾಲ್ಕೂ ಫಾರಂಗಳನ್ನು ಸರಿಯಾಗಿ ಜೋಡಿಸಿಟ್ಟರು. ಆಮೇಲೆ ಅಭಿಪ್ರಾಯದ ಹಾಳೆ ತೆಗೆದುಕೊಂಡು, ಹತ್ತೊಂಬತ್ತನೆಯ ಸಾಲಿನ ಕೆಳಗೆ, ತಾರೀಖು ಹಾಕಿ ಬರೆದರು. "ಏಳರಿಂದ ಹತ್ತೊಂಬತ್ತರವರೆಗಿನ ಓದುಗರ ಗಮನಕ್ಕೆ. ನೀವು ಓದಿದಾಗ ಈ ಪ್ರತಿಯಲ್ಲಿ ಐದರಿಂದ ಎಂಟನೆಯ ಫಾರಂ ತಿರುವುಮುರುವಾಗಿತ್ತು. ತಪ್ಪು ಬೈಂಡರನದು, ಬರೆದವರದಲ್ಲ. ಕುದುರೆಗಳ ವಿಷಯದಲ್ಲಿ ಬೈಂಡರನ ತಪ್ಪಿಲ್ಲ." ಹೆಸರು ಹಾಕುವಂತಿರಲಿಲ್ಲವಾದರೂ ಕೆಳಗೆ ಗೋಂದಣ್ಣ ಎಂದು ಸಹಿ ಮಾಡಿದರು.

ಮೇಡಂ ಕೊನೆಯ ಸಾಲು ಓದಿ ಮೂಗಿನಲ್ಲೇ ಒಂದು ಸದ್ದು ಮಾಡಿದರು. ನಗುವೇ ಇರಬೇಕು.

ಪುಟಸಂಖ್ಯೆಯಿಲ್ಲದೆ ಮತ್ತೆ ಹೊಲಿಯುವುದು ಬೇಡ ಎಂದೂ ಅವರೇ ಹೇಳಿದರು. ಗೋಂದಣ್ಣನಿಗೆ ಅಷ್ಟು ಸಣ್ಣದಾಗಿ ಬರೆಯಲು ಕಣ್ಣಿರಲಿಲ್ಲ. ಮೇಡಂ ಪೆನ್ಸಿಲ್ ಚೂಪು ಮಾಡಿಕೊಂಡು, ಮೊದಲನೆಯ ಪ್ರತಿ ಎದುರಿಗಿಟ್ಟುಕೊಂಡು, ಒಂದೊಂದೇ ಪುಟದ ಮೇಲ್ತುದಿಯಲ್ಲಿ, ಯಾವ ಕಟರೂ ತಲುಪದಷ್ಟು ಒಳಗೆ, ಸಂಖ್ಯೆ ಬರೆಯುತ್ತಾ ಹೋದರು. ನಡುವೆ ಎರಡು ಸಲ ಚಹಾ ಬಂತು. ಕೈ ನೋವೆಂದು ಒಮ್ಮೆ ನಿಲ್ಲಿಸಿದರು. ಒಮ್ಮೆ ಒಂದು ಪುಟದಲ್ಲಿ ತಡೆದು, "ನಿಜ ಕಣ್ರೀ, ಕುದುರೆ ಜಾಸ್ತಿ" ಎಂದರು.

"ಆ ಕಟ್ಟು?" ಎಂದು ಗೋಂದಣ್ಣ ಕೇಳಿದರು. "ಬೈಂಡ್ ಮಾಡ್ಲಾ?"

ಮೇಡಂ ಮುನ್ನೂರ ಹನ್ನೆರಡು ಹಾಳೆಗಳನ್ನು ನೋಡಿದರು. ಭಾರದ ಚೀಲವನ್ನು ಇನ್ನೊಂದು ಸಲ ಹೊರಬೇಕಾದವರು ನೋಡುವ ಹಾಗೆ.

"ಬೇಡ. ಆ ತಾರೀಖು ಗಂಟೆ ಎಲ್ಲ ಕಿತ್ತು ಹಾಕ್ಬೇಕು. ಒಂದು ವರ್ಷದ ಕೆಲಸ. ಅರವತ್ತಾರು ನನಗೆ." ಕಪ್ಪು ಬಟ್ಟೆ ಮುಟ್ಟಿ, "ಬಟ್ಟೆ ಕತ್ತರಿಸಿಬಿಟ್ಟಿದೀರಾ?"

"ಕತ್ತರಿಸಿದೀನಿ."

"ಈ ಹಳೇ ಪ್ರತಿಗೇ ಹಾಕಿ. ಹೆಸರು ಹಾಕಿ ಮತ್ತೆ, ಬೆನ್ನ ಮೇಲೆ."

ನೂರ ತೊಂಬತ್ತೆರಡನೆಯ ಪುಟಕ್ಕೆ ಸಂಖ್ಯೆ ಬರೆದು ಪೆನ್ಸಿಲ್ ಕೆಳಗಿಟ್ಟಾಗ ಗೋಡೆಯ ಗಡಿಯಾರದಲ್ಲಿ ಐದು ಹತ್ತು. ಮೇಡಂ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದು ನಿಂತರು.

"ಐದೂಕಾಲಿಗೆ ನನ್ನ ಬಸ್ಸು. ಓಡಿದ್ರೆ ಸಿಗತ್ತೆ."

ಗೋಂದಣ್ಣ ಚೀಲ ಹಿಡಿಯಲು ಏಳಹೊರಟರು. ಮಂಡಿ ಒಪ್ಪಲಿಲ್ಲ.

ಮೇಡಂ ಅವರನ್ನು ನೋಡಿದರು, ಬಾಗಿಲನ್ನು ನೋಡಿದರು, ಚೀಲವನ್ನು ಮತ್ತೆ ನೆಲದ ಮೇಲಿಟ್ಟು ಸ್ಟೂಲಿನ ಮೇಲೆ ಕೂತರು. "ಓಡಲ್ಲ ಬಿಡಿ. ಮುಂದಿನದು ಐದೂ ಮುಕ್ಕಾಲಿಗಿದೆ. ನಾನೇ ಹಾಕಿದ್ದು" ಎಂದರು.

ಗೋಂದಣ್ಣ ಸೂಜಿ ತೆಗೆದುಕೊಂಡು ದಾರ ಪೋಣಿಸತೊಡಗಿದರು. ಮೂರನೆಯ ಸಲವೂ ತಪ್ಪಿದಾಗ ಮೇಡಂ ಕೈ ಚಾಚಿದರು.